ದುಂಡಗಾಗದ ತೂತು

ತೂತು ದುಂಡಗಿರಲಿಲ್ಲ.

ಲಿವಿಯೋ ಸುಪೆರಿನಾ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು ನೋಡಿದ. ಕನ್ನಡಕದ್ದೇನೂ ತಪ್ಪಿರಲಿಲ್ಲ. ಪರದೆಯ ಮೇಲಿನ ತೂತನ್ನು ಉದ್ದಕ್ಕೆ ಅಳೆದರೆ ನೂರಿಪ್ಪತ್ತು ಪಾಯಿಂಟ್ ಎರಡು ಮಿಲಿಮೀಟರ್, ಅಡ್ಡಕ್ಕೆ ಅಳೆದರೆ ನೂರ ಹತ್ತೊಂಬತ್ತು ಪಾಯಿಂಟ್ ಒಂಬತ್ತು. ನಕ್ಷೆಯಲ್ಲಿ ಇದ್ದದ್ದು ನೂರಿಪ್ಪತ್ತು, ಯಾವ ಕಡೆಯಿಂದ ಅಳೆದರೂ ನೂರಿಪ್ಪತ್ತು.

"ಮೊಟ್ಟೆ ಮಾಡಿಟ್ಟಿದ್ದೀಯಲ್ಲೇ ಡೊಲೊರೆಸ್," ಎಂದ.

"ನಾನು ಮೊಟ್ಟೆ ಮಾಡಲ್ಲ ಮೇಷ್ಟ್ರೇ. ಹದಿನೇಳು ವರ್ಷದಲ್ಲಿ ಒಂದು ಸಲಾನೂ ಮಾಡಿಲ್ಲ. ಮಾಡಿದ್ರೆ ನೀವು ನನ್ನ ಉಳಿಸ್ತಿದ್ರಾ?"

ಅದೂ ನಿಜವೇ. ಡೊಲೊರೆಸ್ ಮಾವ್ರಿನಾತ್ಸ್‌ಗೆ ಈ ಕೆಲಸದ ಅಆಇಈ ಕಲಿಸಿದವನು ಅವನೇ. ಅವಳೀಗ ಅವನ ಅಡುಗೆಮನೆಯ ಮೇಜಿನ ಆಚೆ ಕಡೆ ಕೂತು, ಜನವರಿಯಲ್ಲಿ ಮುರಿದುಕೊಂಡು ಇನ್ನೂ ಪೂರ್ತಿ ಸಡಿಲವಾಗದ ಬಲ ಮಣಿಕಟ್ಟನ್ನು ಎಡಗೈಯಲ್ಲಿ ತಿಕ್ಕುತ್ತಿದ್ದಳು. ಮುಖ ನೋಡಿದರೆ ಮೂರು ರಾತ್ರಿಯಿಂದ ನಿದ್ದೆ ಮಾಡಿದವಳ ಹಾಗೆ ಕಾಣುತ್ತಿರಲಿಲ್ಲ.

ಮಾರ್ಚ್ ಹದಿನಾಲ್ಕರಂದು ಬಂದರಿನ ಕ್ರೇನಿನ ತುದಿಯ ಉಕ್ಕಿನ ಬ್ರ್ಯಾಕೆಟ್ ಮುರಿದು ಚಾಲಕ ರೂಡಿ ಲೂಚಿಚ್ ಸತ್ತಿದ್ದ. ಆರು ವರ್ಷದ ಹಿಂದೆ ಆ ಬ್ರ್ಯಾಕೆಟಿನ ಬಲದ ಲೆಕ್ಕ ಹಾಕಿ ಸಹಿ ಮಾಡಿದವಳು ಡೊಲೊರೆಸ್. ಅವಳನ್ನು ಕಟಕಟೆ ಹತ್ತಿಸುವುದೋ ಬಿಡುವುದೋ ಎಂಬುದು ನಾಳೆ ಬೆಳಿಗ್ಗೆ ಹತ್ತಕ್ಕೆ ತೀರ್ಮಾನವಾಗಲಿತ್ತು.

ಅವಳ ಕ್ರೇನ್ ಕಂಪನಿಯ ಮಾತು ಒಂದೇ: ಇಪ್ಪತ್ತು ಟನ್ನಿಗೇ ಮುರಿಯಿತು, ಅಂದರೆ ಅವಳು ತಪ್ಪು ಆಕಾರದ ಮೇಲೆ ಲೆಕ್ಕ ಹಾಕಿದ್ದಾಳೆ. ಬಂದರಿನ ಮೇಸ್ತ್ರಿಯ ಮಾತೇ ಬೇರೆ: ಮಾರ್ಚ್ ಒಂದರಿಂದ ಇಪ್ಪತ್ತೆಂಟು ಟನ್ ಎತ್ತಿ ಎಂದು ಕಂಪನಿಯವರೇ ಫೋನ್ ಮಾಡಿ ಹೇಳಿದ್ದರು. ಹಾಗೆ ಹೇಳಿದವರು ಯಾರೂ ಇಲ್ಲ ಎಂದು ಕಂಪನಿ. ಮುರಿದ ಬ್ರ್ಯಾಕೆಟಿನ ಅರ್ಧ ಸಮುದ್ರದ ಕೆಸರಿನಲ್ಲಿದೆ. ಮೂಲ ಆಕಾರದ ಕಡತ, ಸರ್ವರ್ ಬದಲಾಯಿಸುವಾಗ ಕಳೆದುಹೋಯಿತಂತೆ. ಉಳಿದದ್ದು ಮೆಶ್ ಒಂದೇ.

ಈ ಮೆಶ್ ಎಂದರೆ ಸಣ್ಣ ಸಣ್ಣ ತ್ರಿಕೋನಗಳ ಬಲೆ. ಮೊದಲು ವಸ್ತುವಿನ ನುಣುಪಾದ ಮೈ ಬರೆಯುತ್ತಾರೆ, ಆಮೇಲೆ ಅದರ ಮೇಲೆ ಬಲೆ ಹೊದಿಸುತ್ತಾರೆ, ಎಲ್ಲಿ ಎಷ್ಟು ಒತ್ತಡ ಎಂಬ ಲೆಕ್ಕವೆಲ್ಲ ಆ ಬಲೆಯ ಮೇಲೆ. ಲಿವಿಯೋ ಈಗ ಮಾಡುತ್ತಿದ್ದದ್ದು ತಿರುಗುಮುರುಗು ಕೆಲಸ. ಬಲೆ ಕೈಯಲ್ಲಿದೆ, ಮೈಯನ್ನು ಹುಡುಕಬೇಕು. ಅಂಗಿ ನೋಡಿ ಆಳಿನ ಅಳತೆ ಹೇಳಿದ ಹಾಗೆ. ಮೈ ಸಿಕ್ಕರೆ, ಅದನ್ನು ನಕ್ಷೆಯ ಪಕ್ಕದಲ್ಲಿಟ್ಟು, ಡೊಲೊರೆಸ್ ಲೆಕ್ಕ ಹಾಕಿದ ಆಕಾರ ಸರಿಯಾದದ್ದೇ ಎಂದು ತೋರಿಸಿಬಿಡಬಹುದು. ಅಷ್ಟೇ ತಾನೇ ಎಂದುಕೊಂಡಿದ್ದ. ಎರಡು ದಿನದಿಂದ ಹಾಗೇ ಎಂದುಕೊಳ್ಳುತ್ತಿದ್ದ.

"ಕೋನ ಎಷ್ಟು ಕೊಟ್ಟಿದ್ದೀರಿ?" ಡೊಲೊರೆಸ್ ಕೇಳಿದಳು.

"ಮೂವತ್ತು. ಇಪ್ಪತ್ತು ಕೊಟ್ಟೂ ನೋಡ್ದೆ. ಹತ್ತೂ ಆಯ್ತು. ಅದಕ್ಕೇನು, ಕೊಟ್ಟಷ್ಟೂ ತಿನ್ನತ್ತೆ."

ಪಕ್ಕಪಕ್ಕದ ಎರಡು ತ್ರಿಕೋನಗಳ ನಡುವೆ ಇಷ್ಟಕ್ಕಿಂತ ಹೆಚ್ಚು ಮಡಿಕೆ ಇದ್ದರೆ ಅಲ್ಲೊಂದು ಅಂಚು, ಕಡಿಮೆ ಇದ್ದರೆ ಎರಡೂ ಒಂದೇ ಮುಖದವು. ಹಾಗೆ ಗುಂಪು ಮಾಡಿಕೊಂಡು ಪ್ರೋಗ್ರಾಂ ಒಂದೊಂದು ಗುಂಪಿಗೂ ಒಂದೊಂದು ಮೈ ಎಳೆಯುತ್ತದೆ. ನಲವತ್ತಾರು ಮುಖ ಬರಬೇಕಿತ್ತು, ಬಂದವು. ಆದರೆ ಸಮತಟ್ಟಾಗಿರಬೇಕಾದದ್ದನ್ನು ಪ್ರೋಗ್ರಾಂ ಸಮತಟ್ಟು ಎಂದು ಒಪ್ಪುತ್ತಿಲ್ಲ. ದುಂಡಗಿರಬೇಕಾದದ್ದು ದುಂಡಗಿಲ್ಲ. ಬಲ ಅರ್ಧವನ್ನು ಮಗುಚಿ ಎಡ ಅರ್ಧದ ಮೇಲೆ ಇಟ್ಟರೆ ಕೂದಲೆಳೆಯಷ್ಟರಲ್ಲಿ ಕೂಡುತ್ತಿಲ್ಲ. ಎಲ್ಲವೂ ಕೊಂಚ ಕೊಂಚ, ಕೈಗೆ ಸಿಗದಷ್ಟು ತಪ್ಪು.

ಪೂರಾ ತಪ್ಪಾಗಿದ್ದರೆ ಅವನಿಗೆ ಇಷ್ಟು ತಲೆ ಕೆಡುತ್ತಿರಲಿಲ್ಲ. ಪೂರಾ ತಪ್ಪಿಗೆ ಒಂದು ಕಾರಣ ಇರುತ್ತದೆ. ಈ ಅರೆಬರೆಗೆ ಏನು ಹೇಳುವುದು?

ಹೊರಗೆ ಮೂರು ದಿನದಿಂದ ಯೂಗೊ ಬೀಸುತ್ತಿತ್ತು. ದಕ್ಷಿಣದ ಈ ಒದ್ದೆ ಗಾಳಿ ಬೀಸಿದರೆ ರಿಯೆಕಾ ಎಂಬ ಈ ಬಂದರೂರಿನ ಜನಕ್ಕೆ ತಲೆ ನಿಲ್ಲುವುದಿಲ್ಲ. ಗಂಡಹೆಂಡಿರ ಜಗಳ, ಮರೆತ ಬೀಗದ ಕೈ, ಸೀದ ಸಾರು ಎಲ್ಲಕ್ಕೂ ಅದರದೇ ಹೊಣೆ.

"ಯೂಗೊ ನಿಲ್ಲೋವರೆಗೂ ಯಾವ ಲೆಕ್ಕಾನೂ ಮಾಡಬಾರ್ದು," ಎಂದ ಲಿವಿಯೋ.

"ನ್ಯಾಯಾಧೀಶರಿಗೆ ಹಾಗೇ ಚೀಟಿ ಕಳಿಸ್ತೀನಿ. ಗಾಳಿ ನಿಂತ ಮೇಲೆ ಜೈಲಿಗೆ ಬರ್ತೀನಿ ಅಂತ."

ನಗಬೇಕೆಂದು ಹೇಳಿದ್ದಳು. ಇಬ್ಬರಿಗೂ ನಗು ಬರಲಿಲ್ಲ.

ಒಲೆಯ ಮೇಲೆ ನಿವೆಸ್ ಬೆಳಿಗ್ಗೆ ಆರೂವರೆಗೆ ಇಟ್ಟು ಹೋದ ಹುರುಳಿಕಾಯಿ ಬೀಜ, ಪಾಸ್ತಾದ ಪಾತ್ರೆ ಮುಚ್ಚಿದಂತೆಯೇ ಇತ್ತು. ನಿವೆಸ್ ಅವನ ಒಬ್ಬಳೇ ಮಗಳು. ಎರಡು ಮಹಡಿ ಮೇಲೆ ವಾಸ, ಅಪ್ಪ ಬಿಟ್ಟ ಕಂಪನಿಯಲ್ಲೇ ಎರಡು ವರ್ಷದಿಂದ ಕೆಲಸ; ಕ್ರೇನಿನ ಮೆಟ್ಟಿಲು, ಕಟಾಂಜನಗಳ ವಿಭಾಗ. ಡೊಲೊರೆಸ್‌ಗೆ ಸಹಾಯ ಮಾಡುತ್ತೇನೆಂದು ಒಪ್ಪಿದ ದಿನವೇ ಅಪ್ಪಮಗಳು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಅಪ್ಪನ ಕೆಲಸ ಎಲ್ಲಿಗೆ ಬಂತೆಂದು ಮಗಳು ಕೇಳಕೂಡದು, ಕಚೇರಿಯಲ್ಲಿ ಏನು ಗುಸುಗುಸು ಎಂದು ಅಪ್ಪ ಕೇಳಕೂಡದು. ಡೊಲೊರೆಸ್‌ಳ ವಕೀಲೆಗೆ ಒಂದಷ್ಟು ಕಾಗದ ಓದಿಕೊಡುತ್ತೇನೆ ಎಂದಷ್ಟೇ ಅವಳಿಗೆ ಹೇಳಿದ್ದ.

"ಮೊದಲಿಂದ ಮಾಡೋಣ," ಎಂದು ಡೊಲೊರೆಸ್ ಕುರ್ಚಿ ಎಳೆದುಕೊಂಡಳು. "ಕಡತ ತೆರೆದಾಗ ಏನಾದ್ರೂ ಹೇಳ್ತಾ?"

"ಏನೂ ಇಲ್ಲ. ಒಂದು ಬಿಂದು ಯಾವ ತ್ರಿಕೋನಕ್ಕೂ ಸೇರಿಲ್ಲ, ಅಳಿಸ್ಲಾ ಅಂತು. ಅಳಿಸು ಅಂದೆ. ಯಾವ ಮೆಶ್‌ನಲ್ಲಿ ಇಂಥ ಒಂದು ಅನಾಥ ಇರಲ್ಲ?"

ಡೊಲೊರೆಸ್ ತಲೆಯಾಡಿಸಿದಳು. ಇಬ್ಬರೂ ಮತ್ತೆ ತೂತಿಗೇ ಬಂದರು.

ಬ್ರ್ಯಾಕೆಟ್ ಒಂದೂವರೆ ಮೀಟರ್ ಉದ್ದದ ತೋಳು. ಬುಡ ಕ್ರೇನಿಗೆ, ತೂತಿರುವ ತುದಿ ಹೊರೆಗೆ. ಲಿವಿಯೋ ಬುಡದ ಮುಖವನ್ನು ನಕ್ಷೆಯ ಬುಡದ ಮೇಲೆ ಕೂರಿಸಿ ನೋಡಿದ. ಅಲ್ಲಿ ತಪ್ಪೇ ಇರಲಿಲ್ಲ. ತುದಿಯತ್ತ ಹೋದಷ್ಟೂ ವ್ಯತ್ಯಾಸ ಹೆಚ್ಚುತ್ತಾ ಹೋಗಿ, ತೂತಿನ ಹತ್ತಿರ ಒಂದು ಪಾಯಿಂಟ್ ಐದು ನಾಲ್ಕು ಮಿಲಿಮೀಟರ್ ಕೆಳಗಿತ್ತು.

"ಬುಡ ಸರಿ, ತುದಿ ಜೋತು ಬಿದ್ದಿದೆ," ಎಂದ. "ನಿನ್ನ ಕೈ ಹೀಗೆ ಜೋಲಲ್ಲವಲ್ಲೇ."

"ಒಂದೂವರೆ ಮಿಲಿಮೀಟರ್ ಜೋತು ಬೀಳೋ ಹಾಗೆ ಯಾರು ಬರೀತಾರೆ ಮೇಷ್ಟ್ರೇ? ಬರೆಯೋಕೆ ಹೋದ್ರೂ ಬರಲ್ಲ."

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಏನೂ ತೋಚದಾಗ ಅವನು ಮಾಡುತ್ತಿದ್ದದ್ದು ಅಷ್ಟೇ. ಆಚೆ ಕಟ್ಟಡಕ್ಕೂ ಈಚೆ ಕಟ್ಟಡಕ್ಕೂ ನಡುವೆ ಬಟ್ಟೆ ಒಣಗಿಸುವ ಹಗ್ಗ. ಅದರ ಮೇಲೆ ನಿವೆಸ್ ನಿನ್ನೆ ಹಾಕಿದ್ದ ಎರಡು ಜೀನ್ಸ್, ಒಂದು ದಪ್ಪ ಟವೆಲ್. ಯೂಗೊಗೆ ಬಟ್ಟೆ ಒಣಗುವುದುಂಟೇ? ನಿನ್ನೆಗಿಂತ ಇವತ್ತು ಹೆಚ್ಚು ಒದ್ದೆಯಾಗಿ, ಹಗ್ಗ ಕೆಳಗಿನ ಮನೆಯ ಕಿಟಕಿಯವರೆಗೂ ಜಗ್ಗಿತ್ತು. ಕೆಳಗಿನ ಮುದುಕಿ ಇವತ್ತು ಜಗಳಕ್ಕೆ ಬರುವುದು ಖಂಡಿತ.

ಲಿವಿಯೋ ಹಗ್ಗವನ್ನೇ ನೋಡಿದ. ಹಗ್ಗ ಕಟ್ಟಿದವನು ನೇರವಾಗಿಯೇ ಕಟ್ಟಿದ್ದ. ಕಟ್ಟಿದವನು ಅವನೇ. ಆದರೆ ಈಗ ಯಾರಾದರೂ ಬಂದು ಈ ಹಗ್ಗದ ಚಿತ್ರ ಬರೆದುಕೊಂಡು ಹೋದರೆ, ಹಗ್ಗದ ಜೊತೆಗೆ ಒದ್ದೆ ಬಟ್ಟೆಯ ಭಾರವನ್ನೂ ಬರೆದುಕೊಂಡು ಹೋಗುತ್ತಾರೆ.

"ಡೊಲೊರೆಸ್." ಅವನ ದನಿ ಬದಲಾಗಿತ್ತು. "ಇದು ಖಾಲಿ ಬ್ರ್ಯಾಕೆಟ್ ಅಲ್ಲ ಕಣೇ. ಹೊರೆ ಹೊತ್ತಿರೋ ಬ್ರ್ಯಾಕೆಟ್."

ಅವಳಿಗೆ ಮುಂದಿನ ಮಾತು ಬೇಕಾಗಲಿಲ್ಲ. ಈ ಕೆಲಸದವರು ಮಾತ್ರ ಮಾಡುವ ತಪ್ಪು ಅದು. ಲೆಕ್ಕ ಮುಗಿದ ಮೇಲೆ ಪ್ರೋಗ್ರಾಂ ಬಲೆಯನ್ನು ಭಾರಕ್ಕೆ ಬಾಗಿದ ಹಾಗೆ ತೋರಿಸುತ್ತದೆ. ಆ ಹೊತ್ತಿಗೆ ಮೆಶ್ ಉಳಿಸಿಕೋ ಎಂದರೆ, ಬಾಗಿದ್ದನ್ನು ಉಳಿಸಲೋ ಬಾಗದ್ದನ್ನು ಉಳಿಸಲೋ ಎಂದು ಒಂದು ಪುಟ್ಟ ಚೌಕ ಕೇಳುತ್ತದೆ. ಅವಸರದಲ್ಲಿದ್ದವರು ಆ ಚೌಕದ ಕಡೆ ನೋಡುವುದಿಲ್ಲ. ಕಣ್ಣಿಗೆ ಎರಡರ ನಡುವೆ ವ್ಯತ್ಯಾಸ ಕಾಣುವುದೂ ಇಲ್ಲ. ಮತ್ತೆ ಮೈ ಎಳೆಯಲು ಹೊರಟವನಿಗೆ ಮಾತ್ರ ಕಾಣುತ್ತದೆ.

"ನನ್ನ ವರದಿ," ಎಂದು ಡೊಲೊರೆಸ್ ಚೀಲಕ್ಕೆ ಕೈ ಹಾಕಿದಳು. ಮುರಿದ ಕೈ ಎನ್ನುವುದನ್ನೇ ಮರೆತಿದ್ದಳು. "ಇಪ್ಪತ್ತು ಟನ್ನಿಗೆ ತುದಿ ಎಷ್ಟು ಇಳಿಯತ್ತೆ ಅಂತ ಬರ್ದಿದ್ದೀನಿ. ಇಲ್ಲಿ. ಒಂದು ಪಾಯಿಂಟ್ ಒಂದು."

ಇಪ್ಪತ್ತಕ್ಕೆ ಒಂದು ಪಾಯಿಂಟ್ ಒಂದು. ಹಾಗಾದರೆ ಒಂದು ಪಾಯಿಂಟ್ ಐದು ನಾಲ್ಕಕ್ಕೆ ಎಷ್ಟು? ಶಾಲೆಯ ಮಕ್ಕಳ ಲೆಕ್ಕ. ಆದರೂ ಲಿವಿಯೋ ಪೆನ್ನು ಹಿಡಿದು ಕಾಗದದ ಮೇಲೆ ಮಾಡಿದ, ಎರಡು ಸಲ ಮಾಡಿದ.

"ಇಪ್ಪತ್ತೆಂಟು," ಎಂದ.

ಡೊಲೊರೆಸ್ ಬಾಯಿಗೆ ಕೈ ಅಡ್ಡ ಹಿಡಿದು ಅತ್ತುಬಿಟ್ಟಳು. ಏಳು ತಿಂಗಳಿಂದ ಹಗಲೂ ರಾತ್ರಿ, ನಾನೇ ತಪ್ಪಿದೆನೇ, ರೂಡಿಯನ್ನು ಕೊಂದವಳು ನಾನೇನಾ ಎಂದು ತನ್ನನ್ನೇ ಕೇಳಿಕೊಂಡಿದ್ದ ಹೆಂಗಸು. ಲಿವಿಯೋ ಲೋಟಕ್ಕೆ ನೀರು ಬಗ್ಗಿಸಿ ಅವಳ ಮುಂದೆ ಇಟ್ಟ.

"ಈ ಕಡತಾನ ಫೆಬ್ರವರಿ ಒಂಬತ್ತನೇ ತಾರೀಕು ಉಳಿಸಿದ್ದು ಅಂತ ಕಂಪನಿಯವರೇ ಬರ್ದು ಕೊಟ್ಟಿದ್ದಾರೆ," ಎಂದಳು ಕಣ್ಣೊರೆಸಿಕೊಂಡು. "ಅಂದ್ರೆ ಕ್ರೇನ್ ಮುರಿಯೋಕೆ ಐದು ವಾರ ಮುಂಚೆ ಯಾರೋ ಇಪ್ಪತ್ತೆಂಟಕ್ಕೆ ಲೆಕ್ಕ ಹಾಕಿ ನೋಡಿದ್ದಾರೆ. ನೋಡಿದವರಿಗೆ ಪರದೆ ಮೇಲೆ ಕೆಂಪು ಕಂಡಿರತ್ತೆ, ಮುರಿಯತ್ತೆ ಅನ್ನೋ ಬಣ್ಣ. ಇಪ್ಪತ್ನಾಲ್ಕು ದಾಟಿದ್ರೆ ತಡೆಯಲ್ಲ ಅದು."

"ನೀನಾಗ..."

"ಪ್ಲಾಸ್ಟರ್ ಹಾಕ್ಕೊಂಡು ಮನೇಲಿದ್ದೆ. ಜನವರಿಯ ಬೂರಾ ಗಾಳಿ ಮೆಟ್ಲ ಮೇಲಿಂದ ನೂಕಿದ್ದು ನನ್ನ ಪುಣ್ಯ ಅನ್ಸತ್ತೆ."

"ಯಾರು ಅಂತ ನಂಬರ್ ಹೇಳತ್ತೆ."

ಆ ಕಚೇರಿಯಲ್ಲಿ ಮೆಶ್‌ನ ಪ್ರತಿ ಬಿಂದುವಿಗೂ ಒಂದು ನಂಬರ್, ಪ್ರತಿ ಎಂಜಿನಿಯರಿಗೂ ತನ್ನದೇ ಸಾಲು. ಹಿಂದೆ ಒಂದು ಕ್ರೇನನ್ನು ಆರು ಜನ ಆರು ತುಂಡು ಮಾಡಿಕೊಂಡು ಲೆಕ್ಕ ಹಾಕುವಾಗ ಒಬ್ಬರ ನಂಬರ್ ಇನ್ನೊಬ್ಬರದಕ್ಕೆ ತಾಗಬಾರದೆಂದು ಲಿವಿಯೋನೇ ಹಂಚಿದ್ದು. ಬೀರುವಿನ ಬಾಗಿಲ ಒಳಗೆ ಮಾರ್ಕರಿನಲ್ಲಿ ಬರೆದಿದ್ದ. ಮೊದಲಿಗನಾದ ತನಗೆ ಒಂದು ಲಕ್ಷದ ಒಂದರಿಂದ, ಸಹೋದ್ಯೋಗಿ ಫುಚಾಕ್‌ಗೆ ಮೂರು ಲಕ್ಷದ ಒಂದರಿಂದ, ಡೊಲೊರೆಸ್‌ಗೆ ಆರು ಲಕ್ಷದ ಹತ್ತು ಸಾವಿರದ ಒಂದರಿಂದ. ಮೊದಮೊದಲು ಅದು ಬರೀ ಕೆಲಸದ ಅನುಕೂಲ, ಬರಬರುತ್ತಾ ಮನೆಯ ನಂಬರಿನಷ್ಟೇ ಸ್ವಂತದ್ದಾಯಿತು.

ಅವನು ಪರದೆಯ ಮೇಲಿದ್ದ ಚೊಕ್ಕ ಮಾಡಿದ ಪ್ರತಿಯನ್ನು ತಿರುವಿದ. ಮೊದಲ ಬಿಂದು ಆರು ಲಕ್ಷದ ಹತ್ತು ಸಾವಿರದ ಒಂದು. ಕೊನೆಯದೂ ಅದೇ ಸಾಲಿನದು.

"ಎಲ್ಲಾ ನಿಂದೇ."

"ಮೆಶ್ ನಂದೇ ಅಲ್ವಾ. ಭಾರ ಹೇರಿದ್ದು ಯಾರು ಅನ್ನೋದು ಇದ್ರಲ್ಲಿ ಬರಲ್ಲ." ಅವಳ ಮುಖ ಮತ್ತೆ ಬಾಡಿತು. "ಸರ್ಕಾರಿ ವಕೀಲ ಏನಂತಾನೆ ಗೊತ್ತಾ? ಒಂದು ಕೈಯಲ್ಲಿ ಮನೆಯಿಂದ್ಲೇ ಮಾಡಿರ್ಬೇಕು ಇವಳು ಅಂತಾನೆ. ಗೊತ್ತಿದ್ದೂ ಸುಮ್ನಿದ್ಲು ಅಂತಾನೆ. ಮೊದಲಾದ್ರೆ ಬರೀ ತಪ್ಪು. ಈಗ ಕೊಲೆಗೆ ಹತ್ತಿರ."

ನೋಡಿ, ಹಗ್ಗ ಎಂದು ಹಿಡಿದದ್ದು ಹಾವಾಗುತ್ತದೆಂದರೆ ಹೀಗೆ. ಹತ್ತು ನಿಮಿಷದ ಹಿಂದೆ ಅವಳನ್ನು ಬಿಡಿಸಿದ್ದ ಅಂಕಿಯೇ ಈಗ ಅವಳ ಕುತ್ತಿಗೆಗೆ ಸುತ್ತಿಕೊಳ್ಳುವ ಹಾಗಿತ್ತು. ಲಿವಿಯೋ ಗಡಿಯಾರ ನೋಡಿದ. ಹತ್ತೂವರೆ. ಸಂಜೆ ಐದಕ್ಕೆ ವಕೀಲೆಗೆ ವರದಿ ಕೊಡಬೇಕು, ಮತ್ತು ಆ ವರದಿಯಲ್ಲಿ ಒಂದು ಹೆಸರು ಇರಬೇಕು.

"ಮೇಷ್ಟ್ರೇ, ಎಲ್ಲಿಗೆ?"

"ಮರೆಂಡ ತಿಂಡಿ ಹೊತ್ತು. ಫುಚಾಕ್ ಎಲ್ಲಿ ಕೂತಿರ್ತಾನೆ ಅಂತ ಇಡೀ ಊರಿಗೇ ಗೊತ್ತು."

"ಅವನ ಹತ್ರ ಮಾತ್ರ ಹೋಗ್ಬೇಡಿ. ಮಾತಲ್ಲಿ ನಿಮ್ಮನ್ನ ಮಾರಿಬಿಡ್ತಾನೆ."

"ಮಾರ್ಲಿ. ಈ ವಯಸ್ಸಲ್ಲಿ ಎಷ್ಟು ಬೆಲೆ ಬರತ್ತೆ ನೋಡೋಣ."

* * *

ಟುಲಿಯೋ ಫುಚಾಕ್ ಇಪ್ಪತ್ತೆರಡು ವರ್ಷದಿಂದ ಬೆಳಗಿನ ಹನ್ನೊಂದಕ್ಕೆ ಕಾಲುವೆ ಪಕ್ಕದ ಅದೇ ಊಟದ ಅಂಗಡಿಯಲ್ಲಿ, ಅದೇ ಮೂಲೆಯ ಮೇಜಿನಲ್ಲಿ ಕರುಳಿನ ಸಾರು ತಿನ್ನುತ್ತಿದ್ದ. ವಿಭಾಗದ ಮುಖ್ಯಸ್ಥನಾದ ಮೇಲೂ ಮೇಜು ಬದಲಾಗಿರಲಿಲ್ಲ, ಹೊಟ್ಟೆಗೆ ಜಾಗ ಬೇಕೆಂದು ಕುರ್ಚಿಯನ್ನು ಮಾತ್ರ ಹಿಂದೆ ಸರಿಸಿದ್ದ. "ಇಪ್ಪತ್ತೆಂಟು ಟನ್ನಿನ ಲೆಕ್ಕವನ್ನು ನನ್ನ ಕಚೇರಿಯಲ್ಲಿ ಯಾರೂ ಎಂದೂ ಮಾಡಿಲ್ಲ" ಎಂದು ಪೊಲೀಸರಿಗೆ ಬರೆದುಕೊಟ್ಟವನು ಅವನೇ.

"ಬಾರೋ ಲಿವಿಯೋ, ಕೂತ್ಕೋ. ಇನ್ನೊಂದು ತಟ್ಟೆ ಹೇಳ್ಲಾ?"

"ಬೇಡ. ಯೂಗೊ ಬೀಸಿದ್ರೆ ನನಗೆ ಹೊಟ್ಟೆ ಸರಿ ಇರಲ್ಲ."

"ನನಗೆ ಹೊಟ್ಟೆ ಬಿಟ್ಟು ಬೇರೆ ಏನೂ ಸರಿ ಇರಲ್ಲ." ಫುಚಾಕ್ ಬ್ರೆಡ್ಡು ಮುರಿದು ಸಾರಿಗೆ ಅದ್ದಿದ. "ಡೊಲೊರೆಸ್ ಹೇಗಿದ್ದಾಳೆ? ಪಾಪ."

"ಪಾಪ ಅಂತ ಅನ್ಸಿದ್ರೆ ಒಂದು ಹೆಸರು ಹೇಳು. ಫೆಬ್ರವರೀಲಿ ಅವಳ ಬ್ರ್ಯಾಕೆಟ್ ಮೇಲೆ ಇಪ್ಪತ್ತೆಂಟು ಟನ್ ಹೇರಿ ನೋಡಿದ್ದು ಯಾರು?"

ಬ್ರೆಡ್ಡು ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಒಂದೇ ಕ್ಷಣ. ಆಮೇಲೆ ಹೋಯಿತು.

"ಯಾರೂ ಇಲ್ಲ. ಬರ್ದು ಕೊಟ್ಟಿದ್ದೀನಲ್ಲ."

"ನೀನು ಸರ್ಕಾರಿ ವಕೀಲನಿಗೆ ಕೊಟ್ಟ ಮೆಶ್ ಬಾಗಿದೆ ಟುಲಿಯೋ. ಹೊರೆ ಹೊತ್ತಾಗಲೇ ಉಳಿಸಿದ್ದು ಅದು. ಯಾರೋ ಚೌಕ ನೋಡಿಲ್ಲ. ಅಳೆದೆ. ಒಂದು ಪಾಯಿಂಟ್ ಐದು ನಾಲ್ಕು."

ಫುಚಾಕ್ ನಕ್ಕ. ದೊಡ್ಡ ಮೈಯವರ ನಗು, ಮೇಜು ಅಲುಗಾಡಿತು. "ಅಷ್ಟೇನಾ? ಮಾರಾಯ, ಹಿಗ್ಗಿಸಿ ತೋರಿಸಿದ್ದನ್ನ ಉಳಿಸಿರ್ತಾರೆ. ಇಪ್ಪತ್ತು ಟನ್ನಿಂದೇ, ಚೂರು ಹಿಗ್ಗಿಸಿ. ನೀನೇ ಕಲಿಸಿದ್ದಲ್ವಾ, ಬಾಗಿದ್ದು ಕಣ್ಣಿಗೆ ಕಾಣ್ಬೇಕು ಅಂದ್ರೆ ಹಿಗ್ಗಿಸಬೇಕು ಅಂತ?"

"ಹತ್ತರಷ್ಟು ಹಿಗ್ಗಿಸ್ತಾರೆ. ನೂರರಷ್ಟು ಹಿಗ್ಗಿಸ್ತಾರೆ. ಒಂದು ಪಾಯಿಂಟ್ ನಾಲ್ಕರಷ್ಟು ಹಿಗ್ಗಿಸಿದ ಒಬ್ಬ ಮನುಷ್ಯನ್ನ ತೋರಿಸು, ನಿನ್ನ ತಟ್ಟೆ ನಾನು ತೊಳೀತೀನಿ."

ಫುಚಾಕ್ ಚಮಚ ಕೆಳಗಿಟ್ಟ. ಅಂಗಡಿಯ ಒಡತಿ ಹತ್ತಿರ ಬಂದು ಇಬ್ಬರ ಮುಖ ನೋಡಿ, ನೀರಿನ ಹೂಜಿ ಇಟ್ಟು ಹಿಂದೆ ಸರಿದಳು.

"ರೂಡಿಗೆ ಇಬ್ಬರು ಮಕ್ಕಳಿದ್ರು ಕಣೋ," ಎಂದ ಲಿವಿಯೋ. "ನೀವು ಕೆಂಪು ನೋಡಿ, ಹಸಿರು ಅಂತ ಫೋನ್ ಮಾಡಿದ್ರಿ."

"ನಾನು ಕೆಂಪು ನೋಡಿಲ್ಲ."

"ಮತ್ತೆ ಏನು ನೋಡ್ದೆ?"

"ಒಂದು ಕಾಗದ ನೋಡ್ದೆ. ಇಪ್ಪತ್ತೆಂಟಕ್ಕೆ ಸರಿ ಇದೆ ಅಂತ ಬರ್ದಿತ್ತು. ಕೆಳಗೆ ಸಹಿ ಇತ್ತು." ಫುಚಾಕ್ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡ. "ಸಹಿ ನಂದಲ್ಲ."

ಇಷ್ಟು ಸುಲಭಕ್ಕೆ ಒಪ್ಪಿಕೊಂಡನಲ್ಲ ಎಂದು ಲಿವಿಯೋ ತಬ್ಬಿಬ್ಬಾದ. ಯಾವತ್ತೂ ಇನ್ನೊಬ್ಬರ ಮೇಲೆ ಹಾಕಿಯೇ ಮೇಲೆ ಬಂದವನು ಇವನು. ಹಾಗಿದ್ದ ಮೇಲೆ ಹೆಸರು ಹೇಳಿ ಕೈ ತೊಳೆದುಕೊಳ್ಳಲು ಏಳು ತಿಂಗಳು ಏಕೆ ಕಾದ?

"ಯಾರ ಸಹಿ?"

ಫುಚಾಕ್ ಅವನನ್ನೇ ನೋಡಿದ. ಅವನ ಕಣ್ಣಿನಲ್ಲಿ ಇದ್ದದ್ದು ಹೆದರಿಕೆಯಲ್ಲ, ಹಗೆಯೂ ಅಲ್ಲ. ಕನಿಕರದ ಹಾಗಿತ್ತು, ಅದೇ ಲಿವಿಯೋಗೆ ಅರ್ಥವಾಗಲಿಲ್ಲ.

"ನಂಬರ್ ನೋಡಿದ್ಯಾ?" ಎಂದು ಫುಚಾಕ್ ಕೇಳಿದ.

"ನೋಡ್ದೆ. ಡೊಲೊರೆಸ್ ನಂಬರ್. ಮೆಶ್ ಅವಳದು, ಅಷ್ಟೇ."

"ಎಲ್ಲಾ ನೋಡಿದ್ಯಾ? ಒಂದೂ ಬಿಡದ ಹಾಗೆ?"

"ಒಗಟು ಹೇಳ್ಬೇಡ."

"ಹಳೇ ಸ್ನೇಹಕ್ಕೆ ಒಂದು ಮಾತು ಹೇಳ್ತೀನಿ, ಕೇಳು." ಫುಚಾಕ್ ಮುಂದೆ ಬಾಗಿದ. "ಮೆಶ್ ಕೆಟ್ಟಿದೆ, ಇದ್ರಿಂದ ಆಕಾರ ತೆಗೆಯೋಕೆ ಆಗಲ್ಲ ಅಂತ ಬರ್ದುಬಿಡು. ಯಾರೂ ನಿನ್ನ ಕೇಳಲ್ಲ. ಡೊಲೊರೆಸ್‌ಗೆ ಒಳ್ಳೇ ವಕೀಲೆ ಇದ್ದಾಳೆ, ಎರಡು ವರ್ಷ ಶಿಕ್ಷೆ ಆಗತ್ತೆ, ಅದನ್ನೂ ಮನೇಲೇ ಕಳೀತಾಳೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ನನ್ನ ಒಳ್ಳೇದನ್ನ ಕರುಳಿನ ಸಾರಿಗೆ ಅದ್ದಿ ತಿನ್ನು," ಎಂದು ಲಿವಿಯೋ ಎದ್ದ.

ಬಾಗಿಲವರೆಗೆ ಹೋದಾಗ ಹಿಂದಿನಿಂದ ಫುಚಾಕ್‌ನ ದನಿ ಕೇಳಿಸಿತು. ಕೂಗಿದ್ದಲ್ಲ, ಬರೀ ಹೇಳಿದ್ದು.

"ಬೀರುವಿನ ಬಾಗಿಲ ಮೇಲಿನ ಬರಹಾನ ನಾವು ಇನ್ನೂ ಅಳಿಸಿಲ್ಲ ಕಣೋ."

* * *

ನೇರವಾಗಿ ಮನೆಗೆ ಹೋಗಬೇಕಿತ್ತು. ಅವನು ದಕ್ಕೆಯ ಉದ್ದಕ್ಕೂ ತುದಿಯವರೆಗೆ ನಡೆದು, ಅಲ್ಲಿ ಹೊತ್ತು ಹೋದದ್ದೇ ತಿಳಿಯದೆ ಕೂತಿದ್ದು, ಮತ್ತೆ ಅಷ್ಟೇ ಉದ್ದ ಹಿಂದಕ್ಕೆ ನಡೆದ. ಎಲ್ಲರ ಮನೆ ದೋಸೆಯೂ ತೂತೇ ಎನ್ನುವ ಮಾತು ಸರಿ, ಆದರೆ ಫುಚಾಕ್‌ನ ದೋಸೆಯಲ್ಲಿ ತೂತು ಎಲ್ಲಿದೆ ಎಂದೇ ತಿಳಿಯುತ್ತಿಲ್ಲವಲ್ಲ. ಕೆಂಪು ನೋಡಿಲ್ಲ ಎನ್ನುತ್ತಾನೆ, ಕಾಗದ ಇದೆ ಎನ್ನುತ್ತಾನೆ. ಕಾಗದ ತೋರಿಸಿದರೆ ತಾನು ಬಚಾವು, ಆದರೂ ತೋರಿಸುವುದಿಲ್ಲ. ಮೇಲೆ ಕನಿಕರ ಬೇರೆ. ಬೆದರಿಸಿದ್ದರೆ ಎಷ್ಟೋ ನೆಮ್ಮದಿಯಾಗಿರುತ್ತಿತ್ತು.

ಒಂದೂ ಬಿಡದ ಹಾಗೆ.

ಸೇತುವೆಯ ಹತ್ತಿರ ಅವನ ಕಾಲು ತಾನಾಗಿ ನಿಂತಿತು. ಒಂದನ್ನು ಅವನು ಬಿಟ್ಟಿದ್ದ. ಬಿಟ್ಟಿದ್ದೇನು, ಅಳಿಸು ಎಂದು ತಾನೇ ಒತ್ತಿದ್ದ.

ಮನೆ ತಲುಪಿದಾಗ ಮೂರೂವರೆ ಹತ್ತಿರವಾಗಿತ್ತು. ಡೊಲೊರೆಸ್ ಊಟ ಮಾಡಿರಲಿಲ್ಲ, ಕಾದು ಕೂತಿದ್ದಳು.

"ಏನಂದ?"

"ಯಾರೋ ಸಹಿ ಹಾಕಿದ್ದಾರೆ. ಹೆಸರು ಹೇಳಲಿಲ್ಲ." ಕೋಟು ಬಿಚ್ಚದೆ ಕುರ್ಚಿಯಲ್ಲಿ ಕೂತ. "ಡೊಲೊರೆಸ್, ನಾವು ನೋಡಿದ್ದು ನಾನು ಚೊಕ್ಕ ಮಾಡಿದ ಪ್ರತಿ. ಆ ಅನಾಥ ಬಿಂದು ಅದ್ರಲ್ಲಿ ಇಲ್ಲ. ಮೂಲದಲ್ಲಿ ಇದೆ."

ಮೂಲ ಕಡತ ತೆರೆದ. ತೂತು ಕಾಣಿಸಿತು, ಅದೇ ಮೊಟ್ಟೆ. ಅದರ ನಟ್ಟನಡುವೆ, ಯಾವುದಕ್ಕೂ ತಾಗದೆ, ಒಂದು ಸಣ್ಣ ಚುಕ್ಕೆ.

"ಕಸ ಅಲ್ಲ ಅದು," ಎಂದಳು ಡೊಲೊರೆಸ್ ನಿಧಾನಕ್ಕೆ. "ಭಾರ ನೇತು ಹಾಕಿದ ಬಿಂದು. ತೂತಿನ ಮಧ್ಯೆ ಒಂದು ಬಿಂದು ಇಟ್ಟು, ಅದಕ್ಕೆ ಭಾರ ಕಟ್ಟಿ, ಸುತ್ತ ಅಂಚಿಗೆ ಹಂಚಿದ್ದಾರೆ. ನಾನು ಹಾಗೆ ಮಾಡಲ್ಲ, ಅಂಚಿಗೇ ಹಾಕ್ತೀನಿ. ನಿಮಗೂ ನನಗೂ ಅದಕ್ಕೇ ಜಗಳ ಆಗ್ತಿತ್ತಲ್ವಾ? ಮಧ್ಯೆ ನೇತು ಹಾಕೋದು ನಿಮ್ಮ ಕೈ ಮೇಷ್ಟ್ರೇ."

"ನಾನು ಕೆಲಸ ಬಿಟ್ಟು ಹನ್ನೊಂದು ವರ್ಷ ಆಯ್ತು."

"ಹಾಗಲ್ಲ, ನಿಮ್ಮ ಹತ್ರ ಕಲಿತವರು ಯಾರೋ ಅಂದೆ. ಭಾರ ಹೇರಿದವರು ಹೊಸದಾಗಿ ಇಟ್ಟ ಬಿಂದು ಇದು. ಅಂದ್ರೆ ಅವರ ನಂಬರ್ ಇದ್ದೇ ಇರತ್ತೆ. ಒತ್ತಿ, ಬೇಗ."

ಕಣ್ಣು ಮತ್ತೆ ತುಂಬಿ ಬಂದು ಅವಳು ಮುಖ ತೊಳೆಯಲು ನಲ್ಲಿಯ ಕಡೆ ತಿರುಗಿದಳು. ಲಿವಿಯೋ ಚುಕ್ಕೆಯ ಮೇಲೆ ಒತ್ತಿದ.

ಒಂದು ಲಕ್ಷದ ಒಂದು.

ಅವನಿಗೆ ಮೊದಲು ಹೊಳೆದದ್ದು 'ನಾನು' ಎಂದು. ತಾನು ಯಾವಾಗ ಮಾಡಿದೆ ಎಂದು ನಿಜವಾಗಿಯೂ ಯೋಚಿಸಿದ. ಕಣ್ಣು ಮುಚ್ಚಿ ತೆರೆದ. ನಂಬರ್ ಹಾಗೇ ಇತ್ತು.

ಆಮೇಲೆ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ನಿವೆಸ್ ಮೊದಲ ದಿನದ ಕೆಲಸ ಮುಗಿಸಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಿದ್ದಳು. ಬೀರುವಿನ ಬಾಗಿಲಲ್ಲಿ ನಿನ್ನ ಹೆಸರು ಹೊಡೆದು ಹಾಕಿ ನನ್ನ ಹೆಸರು ಬರೆದೆ ಅಪ್ಪ, ನಿನ್ನ ನಂಬರ್ ಬೇರೆಯವರ ಪಾಲಾಗೋಕೆ ಬಿಡ್ತೀನಾ ಎಂದಿದ್ದಳು. ಆ ಹೆಮ್ಮೆಗೆ ಅವನು ಕೆಳಗಿನ ಕಾಫಿ ಅಂಗಡಿಯಲ್ಲಿ ಇದ್ದವರಿಗೆಲ್ಲ ವೈನ್ ಕುಡಿಸಿದ್ದ. ಬಿಂದುವನ್ನು ಮಧ್ಯದಲ್ಲಿ ನೇತು ಹಾಕುವುದನ್ನು ಇದೇ ಮೇಜಿನ ಮೇಲೆ, ಇದೇ ಕುರ್ಚಿಯಲ್ಲಿ ಕೂರಿಸಿ ಅವಳಿಗೆ ಕಲಿಸಿದ್ದ.

ಮೆಟ್ಟಿಲು, ಕಟಾಂಜನ ಎಂದಿದ್ದಳಲ್ಲ? ಬ್ರ್ಯಾಕೆಟಿಗೆ ಏಕೆ ಕೈ ಹಾಕಿದಳು? ಕೆಂಪು ಕಂಡಿರಲಿಲ್ಲವೇ? ಕಂಡೂ ಸಹಿ ಹಾಕಿದಳೇ, ಯಾರಾದರೂ ಹಾಕಿಸಿದರೇ? ಒಂದು ಪ್ರಶ್ನೆಯ ಬೆನ್ನಿಗೆ ಇನ್ನೊಂದು ಬಂದು, ಯಾವುದನ್ನೂ ಕೊನೆ ಮುಟ್ಟಿಸಲು ಅವನಿಂದ ಆಗಲಿಲ್ಲ. ಗೊತ್ತಿದ್ದದ್ದು ಇಷ್ಟೇ. ಐದು ಗಂಟೆಗೆ ಈ ನಂಬರ್ ಕೊಟ್ಟರೆ ಡೊಲೊರೆಸ್ ಉಳಿಯುತ್ತಾಳೆ, ಮಗಳು ಹೋಗುತ್ತಾಳೆ. ಕೊಡದಿದ್ದರೆ ಮಗಳು ಉಳಿಯುತ್ತಾಳೆ.

"ಯಾರ ನಂಬರ್ ಮೇಷ್ಟ್ರೇ?" ನೀರಿನ ಸದ್ದಿನ ನಡುವೆ ಡೊಲೊರೆಸ್ ಕೇಳಿದಳು.

ನಲವತ್ತು ವರ್ಷ ಒಂದು ಅಂಕಿಯನ್ನೂ ಮುಚ್ಚಿಡದ ಲಿವಿಯೋನ ಕೈ, ತಾನಾಗಿ ಎದ್ದು ಪರದೆಯ ಮೇಲೆ ಹೋಗಿ ಕೂತಿತು.

ನಲ್ಲಿ ನಿಂತಿತು. ಡೊಲೊರೆಸ್ ಮುಖ ಒರೆಸಿಕೊಳ್ಳುತ್ತಾ ತಿರುಗಿದಳು. ಪರದೆಯನ್ನೂ ಅದರ ಮೇಲಿದ್ದ ಅಂಗೈಯನ್ನೂ ನೋಡಿದಳು. ಅವಳು ಏನಾದರೂ ಕೇಳುವ ಮೊದಲೇ ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿದ ಸದ್ದಾಯಿತು.

"ಅಪ್ಪಾ, ನಾನು. ಪಾತ್ರೆ ತಗೊಂಡು ಹೋಗೋಣ ಅಂತ ಬಂದೆ." ನಿವೆಸ್‌ಳ ದನಿ. ನಡುಮನೆಯಲ್ಲಿ ಅವಳು ಒದ್ದೆ ಕೋಟು ಬಿಚ್ಚುತ್ತಿದ್ದದ್ದು, ಚಪ್ಪಲಿ ಹುಡುಕುತ್ತಿದ್ದದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಒಳಗೆ ಇನ್ನೊಬ್ಬರಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ತೂತಿನ ಮಾತನ್ನು ಲಿವಿಯೋ ಡೊಲೊರೆಸ್ ಬಿಟ್ಟರೆ ಇನ್ನೊಂದು ಜೀವಕ್ಕೂ ಹೇಳಿರಲಿಲ್ಲ. ವಕೀಲೆಗೆ ಹೇಳಿರಲಿಲ್ಲ, ಫುಚಾಕ್‌ನ ಎದುರು ಎತ್ತಿರಲಿಲ್ಲ.

ಚಪ್ಪಲಿಯ ಸದ್ದು ಬಾಗಿಲ ಹತ್ತಿರ ಬಂದು ನಿಂತಿತು. ಮಗಳ ದನಿ ಈಗ ಸಣ್ಣದಾಗಿತ್ತು.

"ತೂತು ದುಂಡಗೆ ಬರ್ಲಿಲ್ಲ, ಅಲ್ವಾ ಅಪ್ಪ?"

ಲಿವಿಯೋ ಅಂಗೈ ತೆಗೆಯಲಿಲ್ಲ.